‘ಸೋಲೋ’ ಎಂದರೆ ಸೋಲಲ್ಲ

2016ರ ಡಿಸೆಂಬರ್‌ನಲ್ಲಿ ತೆರೆಕಂಡ ‘ರೋಗ್ ಒನ್’ ಜಗತ್ತಿನಾದ್ಯಂತ 105 ಕೋಟಿ ಡಾಲರ್ ದಾಟಿತು. ಒಂದೂವರೆ ವರ್ಷದ ನಂತರ, 2018ರ ಮೇ ತಿಂಗಳಲ್ಲಿ ಬಂದ ‘ಸೋಲೋ’ ಸುಮಾರು 39 ಕೋಟಿಗೆ ನಿಂತಿತು. ಎರಡೂ ಸ್ಟಾರ್ ವಾರ್ಸ್ ಮನೆಯವೇ. ಸ್ಕೈವಾಕರ್ ವಂಶದ ಮೂಲ ಕಥೆಯಿಂದ ಕವಲೊಡೆದು ಸ್ವತಂತ್ರವಾಗಿ ನಿಲ್ಲುವ ಚಿತ್ರಗಳು. ಅಂದಿನಿಂದ ಒಂದನ್ನು ಹೊಗಳಲು, ಇನ್ನೊಂದನ್ನು ತೆಗಳಲು ಈ ಎರಡು ಅಂಕಿಗಳೇ ಸಾಕಾಗಿವೆ. ನಾನು ಎರಡನ್ನೂ ಹಲವು ಸಲ ನೋಡಿದ್ದೇನೆ. ‘ರೋಗ್ ಒನ್’ ಹೆಚ್ಚು ದೊಡ್ಡ ಚಿತ್ರವೆಂದು ನನಗೂ ಅನ್ನಿಸುತ್ತದೆ. ಆದರೆ ಅದಕ್ಕೆ ಜನ ಕೊಡುವ ಕಾರಣಗಳಲ್ಲಿ ಹೆಚ್ಚಿನವು ನಿಜವಲ್ಲ. ‘ಸೋಲೋ’ಗೆ ಆದ ಅನ್ಯಾಯದ ಬೇರು ಅಲ್ಲಿದೆ. ಮುಂದೆ ಎರಡೂ ಕಥೆಗಳ ಕೊನೆಯನ್ನು ಹೇಳಿಬಿಟ್ಟಿದ್ದೇನೆ, ಇನ್ನೂ ನೋಡದವರು ನೋಡಿ ಬಂದು ಓದಿ.

ತಪ್ಪು ಕಲ್ಪನೆ: ‘ರೋಗ್ ಒನ್’ ಮೊದಲೇ ಅಚ್ಚುಕಟ್ಟಾಗಿ ಯೋಜಿಸಿ ತೆಗೆದದ್ದು. ‘ಸೋಲೋ’ ಕೆಟ್ಟದ್ದು ನಡುವೆ ನಿರ್ದೇಶಕರು ಬದಲಾದದ್ದರಿಂದ.

ವಾಸ್ತವ: ಎರಡೂ ಚಿತ್ರಗಳನ್ನು ಅರ್ಧ ಕಟ್ಟಿದ ಮೇಲೆ ಬಿಚ್ಚಿ ಮತ್ತೆ ಕಟ್ಟಲಾಗಿದೆ.

‘ಸೋಲೋ’ ಸಂಗತಿ ಎಲ್ಲರಿಗೂ ಗೊತ್ತು. ಫಿಲ್ ಲಾರ್ಡ್ ಮತ್ತು ಕ್ರಿಸ್ಟೋಫರ್ ಮಿಲ್ಲರ್ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಚಿತ್ರೀಕರಣ ನಡೆಸಿದ ಮೇಲೆ, 2017ರ ಜೂನ್‌ನಲ್ಲಿ ಲೂಕಾಸ್‌ಫಿಲ್ಮ್ ಅವರನ್ನು ಕೈಬಿಟ್ಟಿತು. ರಾನ್ ಹೊವಾರ್ಡ್ ಬಂದು ಬಹುಪಾಲನ್ನು ಮತ್ತೆ ತೆಗೆದರು. ಖಳನ ಪಾತ್ರ ಮಾಡಿದ್ದ ಮೈಕೆಲ್ ಕೆ. ವಿಲಿಯಮ್ಸ್ ಮರುಚಿತ್ರೀಕರಣಕ್ಕೆ ಬರಲಾಗದೆ ಆ ಜಾಗಕ್ಕೆ ಪಾಲ್ ಬೆಟನಿ ಬಂದರು. ಪಾತ್ರದ ರೂಪವೇ ಬದಲಾಯಿತು.

‘ರೋಗ್ ಒನ್’ನಲ್ಲಿ ನಿರ್ದೇಶಕ ಗ್ಯಾರೆತ್ ಎಡ್ವರ್ಡ್ಸ್ ಹೆಸರು ಕೊನೆಯವರೆಗೂ ಉಳಿಯಿತು, ಹಾಗಾಗಿ ಒಳಗಿನ ರಿಪೇರಿ ಕಣ್ಣಿಗೆ ಬೀಳಲಿಲ್ಲ. 2016ರ ಬೇಸಿಗೆಯಲ್ಲಿ ಟೋನಿ ಗಿಲ್ರಾಯ್ ಅವರನ್ನು ಕರೆಸಿ ಚಿತ್ರಕಥೆ ತಿದ್ದಿಸಿ, ದೊಡ್ಡ ಪ್ರಮಾಣದಲ್ಲಿ ಮರುಚಿತ್ರೀಕರಣ ಮಾಡಿಸಲಾಯಿತು. ಕೊನೆಯ ಭಾಗ ಬಹಳಷ್ಟು ಬದಲಾಯಿತು. ಹಳೆಯ ಟ್ರೇಲರ್ ನೋಡಿದರೆ ಇದು ಸ್ಪಷ್ಟ. ಎತ್ತರದ ಗೋಪುರದ ತುದಿಯಲ್ಲಿ ನಾಯಕಿ ಜಿನ್ ಅರ್ಸೋ ನಿಂತಿದ್ದಾಳೆ, ಅವಳ ಮುಖದೆದುರೇ ಶತ್ರು ವಿಮಾನವೊಂದು ಮೇಲೇಳುತ್ತದೆ. ಕದ್ದ ನಕ್ಷೆ ಹಿಡಿದು ಮರಳಿನ ಮೇಲೆ ಓಡುವ ದೃಶ್ಯವೂ ಅದರಲ್ಲಿದೆ. ಚಿತ್ರದಲ್ಲಿ ಇವೆರಡೂ ಇಲ್ಲ. ಸಂಗೀತ ನಿರ್ದೇಶಕರೂ ಬದಲಾದರು. ಅಲೆಕ್ಸಾಂಡ್ರ್ ಡೆಸ್ಪ್ಲಾ ಅವರ ಜಾಗಕ್ಕೆ ಬಂದ ಮೈಕೆಲ್ ಜಿಯಾಕಿನೋ ಕೈಯಲ್ಲಿ ಇದ್ದದ್ದು ನಾಲ್ಕೂವರೆ ವಾರ.

ಒಂದೇ ಬಗೆಯ ಗಂಡಾಂತರ, ಒಂದೇ ಬಗೆಯ ಚಿಕಿತ್ಸೆ. ಗೆದ್ದದ್ದಕ್ಕೆ ಅದು ‘ಸಕಾಲದ ತಿದ್ದುಪಡಿ’ ಎನಿಸಿಕೊಂಡಿತು, ಸೋತದ್ದಕ್ಕೆ ‘ಗೊಂದಲ’ ಎನಿಸಿಕೊಂಡಿತು.

ತಪ್ಪು ಕಲ್ಪನೆ: ಕೊನೆ ಮೊದಲೇ ಗೊತ್ತಿರುವ ಕಥೆಯಲ್ಲಿ ನೋಡುವುದೇನಿದೆ?

ಸಾಮ್ರಾಜ್ಯದ ಮಹಾಅಸ್ತ್ರ ಡೆತ್ ಸ್ಟಾರ್‌ನ ನಕ್ಷೆಯನ್ನು ಬಂಡುಕೋರರು ಕದ್ದರೆಂದು 1977ರ ಮೊದಲ ಚಿತ್ರದ ಆರಂಭದ ಬರಹವೇ ಹೇಳಿಬಿಡುತ್ತದೆ. ‘ಸೋಲೋ’ದ ನಾಯಕ ಹ್ಯಾನ್ ಸೋಲೋ ಬದುಕುಳಿಯುತ್ತಾನೆಂದೂ ಎಲ್ಲರಿಗೂ ಗೊತ್ತು. ಆದರೆ ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲವೆಂದು ತಿಳಿದೇ ನಾವು ರಾತ್ರಿಯಿಡೀ ಬಯಲಾಟ ನೋಡುತ್ತೇವಲ್ಲ! ಅಲ್ಲಿ ಕುತೂಹಲ ಇರುವುದು ಹೇಗೆ ಹೋರಾಡಿದ ಎಂಬುದರಲ್ಲಿ.

‘ರೋಗ್ ಒನ್’ ಆ ಜಾಡಿನ ಚಿತ್ರ. ಇದರ ಬೀಜ ಬಿತ್ತಿದವರು ಕಥೆಗಾರರಲ್ಲ, ವಿಷುವಲ್ ಎಫೆಕ್ಟ್ಸ್ ಮೇಲ್ವಿಚಾರಕ ಜಾನ್ ನಾಲ್. ಆ ಬರಹದಲ್ಲಿ ಬಂದು ಹೋಗುವ ಹೆಸರಿಲ್ಲದ ಗೂಢಚಾರರು ಯಾರಿರಬಹುದು ಎಂಬುದೇ ಅವರನ್ನು ಹಿಡಿದ ಪ್ರಶ್ನೆ. ಆ ಗುಂಪಿನ ಎಲ್ಲರೂ ಸಾಯುವುದೂ ಮೊದಲಿಂದ ನಿಶ್ಚಯವಾಗಿರಲಿಲ್ಲ. ಲೂಕಾಸ್‌ಫಿಲ್ಮ್‌ನ ಒಡೆಯ ಡಿಸ್ನಿ ಒಪ್ಪಲಾರದೆಂದು ಭಾವಿಸಿ, ಆರಂಭದ ಕರಡಿನಲ್ಲಿ ಜಿನ್ ಮತ್ತು ಅವಳ ಸಂಗಾತಿ ಕ್ಯಾಸಿಯನ್ ಉಳಿಯುವಂತೆ ಬರೆಯಲಾಗಿತ್ತು. ಆಮೇಲೆ ಅನುಮತಿ ಸಿಕ್ಕಿತು.

ಕೊನೆಯ ನಿಮಿಷಗಳನ್ನು ನೆನೆಸಿಕೊಳ್ಳಿ. ಹಡಗಿನ ಕತ್ತಲ ಓಣಿಯಲ್ಲಿ ಬಾಗಿಲೊಂದು ಅರ್ಧ ತೆರೆದು ಸಿಕ್ಕಿಕೊಂಡಿದೆ. ಸೈನಿಕರು ಅದನ್ನು ಗುದ್ದುತ್ತಿದ್ದಾರೆ. ಕತ್ತಲಲ್ಲಿ ಮೊದಲು ಉಸಿರಿನ ಸದ್ದು, ಆಮೇಲೆ ಕೆಂಪು ಖಡ್ಗದ ಬೆಳಕು: ಡಾರ್ತ್ ವೇಡರ್. ಒಬ್ಬೊಬ್ಬರೇ ಉರುಳುತ್ತಿದ್ದಾರೆ. ಕೈಯಲ್ಲಿ ನಕ್ಷೆಯ ಬಿಲ್ಲೆ ಹಿಡಿದವನು ಅದನ್ನು ಸಂದಿಯಿಂದ ಆಚೆಗೆ ದಾಟಿಸಿ, ಅಲ್ಲೇ ಸಾಯುತ್ತಾನೆ. ಆಚೆಯ ಕೈ ಯಾರದೆಂದು ನಮಗೆ ಗೊತ್ತಿಲ್ಲ. ಆ ಕ್ಷಣಕ್ಕೆ ನಕ್ಷೆ ದಾಟಿತಲ್ಲ ಎಂಬುದಷ್ಟೇ ನಮಗೆ ಮುಖ್ಯ. ಈ ದೃಶ್ಯ ಸೇರಿದ್ದೂ ಕೊನೆಯ ಹಂತದ ಮರುಚಿತ್ರೀಕರಣದಲ್ಲೇ.

‘ಸೋಲೋ’ ಹಿಂದೆ ಬೀಳುವುದು ಇಲ್ಲಿ, ಅದನ್ನು ಒಪ್ಪಲೇಬೇಕು. ‘ರೋಗ್ ಒನ್’ ಯಾರಿಗೂ ಗೊತ್ತಿಲ್ಲದವರ ಕಥೆ ಹೇಳಿತು, ‘ಸೋಲೋ’ ಎಲ್ಲರಿಗೂ ಗೊತ್ತಿದ್ದವನ ಕಥೆಗೆ ಹೊರಟಿತು. ಅವನಿಗೆ ಆ ಅಡ್ಡಹೆಸರು ಎಲ್ಲಿಂದ ಬಂತು, ಪಿಸ್ತೂಲು ಯಾರು ಕೊಟ್ಟರು ಎಂದು ಒಂದೊಂದಕ್ಕೂ ಲೆಕ್ಕ ಒಪ್ಪಿಸುತ್ತಾ ಹೋಗುತ್ತದೆ. ಹೆಸರಿನ ಪ್ರಸಂಗವಂತೂ ಬೇಡವಾಗಿತ್ತು. ಆದರೆ ಕೆಸರಿನ ಗುಂಡಿಯಲ್ಲಿ ಹ್ಯಾನ್ ಮತ್ತು ರೋಮದ ದೈತ್ಯ ಚ್ಯೂಬಾಕಾ ಮೊದಲ ಸಲ ಎದುರಾಗುವ ಸನ್ನಿವೇಶ ನೋಡಿ. ತನ್ನನ್ನು ತಿನ್ನಲು ಬಂದವನ ಜೊತೆ ಹ್ಯಾನ್ ಅವನದೇ ಭಾಷೆಯಲ್ಲಿ, ಗಂಟಲು ಹರಿಯುವಂತೆ ಗುರುಗುಟ್ಟಿ ಮಾತಾಡುತ್ತಾನೆ. ಒಂದು ಜನ್ಮದ ಸ್ನೇಹ ಅಲ್ಲಿಂದ ಶುರುವಾಗುತ್ತದೆ. ಗೊತ್ತಿರುವ ಸ್ನೇಹಕ್ಕೂ ಅಂಥದೊಂದು ಆರಂಭ ಕಾಣುವುದು ಸುಖವೇ.

ತಪ್ಪು ಕಲ್ಪನೆ: ಹಳೆಯ ಚಿತ್ರದ ತಪ್ಪುಗಳಿಗೆ ತೇಪೆ ಹಚ್ಚುವುದೇ ಇವುಗಳ ಕೆಲಸ.

ಎರಡು ತೇಪೆಗಳಂತೂ ಇವೆ. ಎರಡೂ ಕಥೆಯನ್ನು ಬೆಳೆಸುವ ತೇಪೆಗಳು.

ಅಷ್ಟು ದೊಡ್ಡ ಡೆತ್ ಸ್ಟಾರ್ ಒಂದು ಸಣ್ಣ ಕಿಂಡಿಯಿಂದ ಸಿಡಿದುಹೋಗುವುದು ಹೇಗೆ ಎಂದು ನಲವತ್ತು ವರ್ಷ ಜನ ಕೇಳುತ್ತಿದ್ದರು. ಆ ದೌರ್ಬಲ್ಯವನ್ನು ಜಿನ್‌ಳ ತಂದೆ ಗೇಲೆನ್, ಒತ್ತಾಯದ ಸೆರೆಯಲ್ಲಿ ಕೆಲಸ ಮಾಡುತ್ತಾ, ಬೇಕೆಂದೇ ಒಳಗಿಟ್ಟ ಎಂದು ‘ರೋಗ್ ಒನ್’ ಹೇಳುತ್ತದೆ. ಕಡತಕ್ಕೆ ಅವನಿಟ್ಟ ಹೆಸರು ‘ಸ್ಟಾರ್‌ಡಸ್ಟ್’, ಮಗಳ ಮುದ್ದಿನ ಹೆಸರು. ಒಂದು ಯಂತ್ರದ ದೋಷ ಹೀಗೆ ತಂದೆಯೊಬ್ಬನ ಸೇಡಾಯಿತು.

ಇನ್ನೊಂದು ‘ಪಾರ್ಸೆಕ್’. ಕೆಸಲ್ ಗ್ರಹದ ದಾರಿಯನ್ನು ಹನ್ನೆರಡು ಪಾರ್ಸೆಕ್‌ಗಿಂತ ಕಡಿಮೆಯಲ್ಲಿ ಮುಗಿಸಿದೆ ಎಂದು 1977ರಲ್ಲಿ ಹ್ಯಾನ್ ಬೀಗುತ್ತಾನೆ. ಪಾರ್ಸೆಕ್ ಕಾಲದ ಅಳತೆಯಲ್ಲ, ದೂರದ್ದು: 3.26 ಜ್ಯೋತಿರ್ವರ್ಷ, ಅಂದರೆ ಸುಮಾರು 31 ಲಕ್ಷ ಕೋಟಿ ಕಿಲೋಮೀಟರ್. ‘ಸೋಲೋ’ದಲ್ಲಿ ವಾಡಿಕೆಯ ದಾರಿ ಇಪ್ಪತ್ತು ಪಾರ್ಸೆಕ್. ಹ್ಯಾನ್ ಯಾರೂ ಹೋಗದ ಅಡ್ಡದಾರಿಯಲ್ಲಿ, ಎಲ್ಲವನ್ನೂ ನುಂಗುವ ಸುಳಿಯ ಪಕ್ಕದಲ್ಲೇ ನುಗ್ಗುತ್ತಾನೆ. ಅವನು ಬೀಗಿದ್ದು ವೇಗಕ್ಕಲ್ಲ, ದಾರಿಗೆ. ಆ ದಾರಿ ಸಿಗುವುದು ಎಲ್-ತ್ರೀ ಎಂಬ ರೋಬೊ ಸತ್ತ ಮೇಲೆ, ಅವಳ ನೆನಪಿನ ಭಂಡಾರವನ್ನು ಫಾಲ್ಕನ್ ಹಡಗಿನ ಕಂಪ್ಯೂಟರಿಗೆ ಜೋಡಿಸಿದಾಗ. ಇದನ್ನು ನೋಡಿ, ಆಮೇಲೆ 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ನೋಡಿದರೆ, ಈ ಹಡಗಿನ ಮಾತಿನ ಧಾಟಿ ವಿಚಿತ್ರವಾಗಿದೆ ಎಂದು ರೋಬೊ ಸಿ-ತ್ರೀಪಿಓ ದೂರುವಾಗ ಎದೆ ಒಂದು ಕ್ಷಣ ಭಾರವಾಗುತ್ತದೆ. ಅವಳು ಇನ್ನೂ ಅಲ್ಲೇ ಇದ್ದಾಳೆ.

ತಪ್ಪು ಕಲ್ಪನೆ: ಪೀಟರ್ ಕುಶಿಂಗ್ ಅವರನ್ನು ಬರೀ ಕಂಪ್ಯೂಟರ್ ಸೃಷ್ಟಿಸಿತು.

1977ರ ಚಿತ್ರದಲ್ಲಿ ಟಾರ್ಕಿನ್ ಎಂಬ ಸೇನಾಧಿಕಾರಿಯಾಗಿದ್ದ ಕುಶಿಂಗ್ ತೀರಿಕೊಂಡದ್ದು 1994ರಲ್ಲಿ. ‘ರೋಗ್ ಒನ್’ನಲ್ಲಿ ಟಾರ್ಕಿನ್ ಆಗಿ ನಿಂತು, ನಡೆದು, ಮಾತಾಡಿದವರು ನಟ ಗೈ ಹೆನ್ರಿ. ಅವರ ಅಭಿನಯದ ಮೇಲೆ ಕುಶಿಂಗ್ ಮುಖವನ್ನು ಕೂರಿಸಿದ್ದಾರೆ. 1984ರ ‘ಟಾಪ್ ಸೀಕ್ರೆಟ್’ ಚಿತ್ರಕ್ಕಾಗಿ ತೆಗೆದಿದ್ದ ಅವರ ಮುಖದ ಅಚ್ಚು ಇದಕ್ಕೆ ನೆರವಾಯಿತು. ಆ ಮುಖ ನನಗೆ ಇಂದಿಗೂ ಪೂರ್ತಿ ಜೀವಂತ ಎನ್ನಿಸುವುದಿಲ್ಲ, ಆದರೆ ಹೆನ್ರಿಯವರ ಶ್ರಮವನ್ನು ಯಂತ್ರದ ಲೆಕ್ಕಕ್ಕೆ ಬರೆಯಬಾರದು.

ತಪ್ಪು ಕಲ್ಪನೆ: ಇವೇ ಮೊದಲ ಸ್ಪಿನ್-ಆಫ್ ಚಿತ್ರಗಳು.

ಅಲ್ಲ. ಈವಾಕ್ ಎಂಬ ಪುಟ್ಟ ಕಾಡುಜೀವಿಗಳ ಎರಡು ಟಿವಿ ಚಿತ್ರಗಳು 1984 ಮತ್ತು 1985ರಲ್ಲೇ ಬಂದಿದ್ದವು. 2008ರಲ್ಲಿ ‘ದಿ ಕ್ಲೋನ್ ವಾರ್ಸ್’ ಎಂಬ ಆನಿಮೇಷನ್ ಚಿತ್ರ ಥಿಯೇಟರಿಗೂ ಬಂತು. ‘ಸೋಲೋ’ ಕೊನೆಯಲ್ಲಿ ಡಾರ್ತ್ ಮಾಲ್ ಕಾಣಿಸಿಕೊಂಡಾಗ, 1999ರ ಚಿತ್ರದಲ್ಲಿ ಎರಡು ತುಂಡಾದ ಖಳ ಹೇಗೆ ಬದುಕಿದ ಎಂದು ಹಲವರು ಬೆರಗಾದರು. ‘ದಿ ಕ್ಲೋನ್ ವಾರ್ಸ್’ ಹೆಸರಿನದೇ ಟಿವಿ ಸರಣಿ ಅವನನ್ನು 2012ರಲ್ಲೇ ಮರಳಿ ತಂದಿತ್ತು.

ತಪ್ಪು ಕಲ್ಪನೆ: ‘ಸೋಲೋ’ ಚೆನ್ನಾಗಿರಲಿಲ್ಲ, ಅದಕ್ಕೇ ಜನ ಬರಲಿಲ್ಲ.

ಬಂದ ಜನರನ್ನೇ ಕೇಳೋಣ. ಅಮೆರಿಕದಲ್ಲಿ ಬಿಡುಗಡೆಯ ರಾತ್ರಿ ಪ್ರೇಕ್ಷಕರ ಅಭಿಪ್ರಾಯ ಪಡೆಯುವ ಸಿನಿಮಾಸ್ಕೋರ್‌ನಲ್ಲಿ ‘ರೋಗ್ ಒನ್’ಗೆ ‘ಎ’ ಸಿಕ್ಕಿತು, ‘ಸೋಲೋ’ಗೆ ‘ಎ ಮೈನಸ್’. ಎರಡರ ನಡುವಿನ ಅಂತರ ಇಷ್ಟೇ. ನೋಡಿದವರಿಗೆ ಹಿಡಿಸಿತು, ನೋಡಲು ಬಂದವರು ಕಡಿಮೆ.

ಕಾರಣ ಕ್ಯಾಲೆಂಡರಿನಲ್ಲಿದೆ. ‘ರೋಗ್ ಒನ್’ ಬಂದದ್ದು ಹಿಂದಿನ ಸ್ಟಾರ್ ವಾರ್ಸ್ ಚಿತ್ರವಾಗಿ ಒಂದು ವರ್ಷಕ್ಕೆ, ಕ್ರಿಸ್ಮಸ್ ರಜೆಯ ಹೊತ್ತಿಗೆ. ‘ಸೋಲೋ’ ಬಂದದ್ದು ‘ದಿ ಲಾಸ್ಟ್ ಜೆಡೈ’ ಬಂದು ಬರೀ ಐದು ತಿಂಗಳಿಗೆ, ಅದರ ಬಗ್ಗೆ ಅಭಿಮಾನಿಗಳ ಜಗಳ ಇನ್ನೂ ಆರಿರಲಿಲ್ಲ. ಏಪ್ರಿಲ್ ಕೊನೆಗೆ ‘ಅವೆಂಜರ್ಸ್: ಇನ್ಫಿನಿಟಿ ವಾರ್’, ಹಿಂದಿನ ವಾರವಷ್ಟೇ ‘ಡೆಡ್‌ಪೂಲ್ 2’. ಮೊದಲ ಟೀಸರ್ ಕಂಡದ್ದೇ ಫೆಬ್ರವರಿಯಲ್ಲಿ. ಮೇಲಾಗಿ ಎರಡು ಸಲ ತೆಗೆದ ಚಿತ್ರದ ಖರ್ಚು 25 ಕೋಟಿ ಡಾಲರ್ ದಾಟಿತ್ತು. ಅಷ್ಟು ವೇಗವಾಗಿ, ಅಷ್ಟು ಹೆಚ್ಚು ಚಿತ್ರಗಳನ್ನು ತಂದದ್ದು ತನ್ನ ತಪ್ಪೆಂದು ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ ಅದೇ ವರ್ಷ ಒಪ್ಪಿಕೊಂಡರು.

ತಪ್ಪು ಕಲ್ಪನೆ: ‘ರೋಗ್ ಒನ್’ನಿಂದ ‘ಆಂಡೋರ್’ ಹುಟ್ಟಿತು, ‘ಸೋಲೋ’ದಿಂದ ಏನೂ ಹುಟ್ಟಲಿಲ್ಲ.

ಕ್ಯಾಸಿಯನ್‌ನ ಹಿಂದಿನ ಕಥೆ ಹೇಳುವ, ಟೋನಿ ಗಿಲ್ರಾಯ್ ರೂಪಿಸಿದ 24 ಕಂತುಗಳ ಸರಣಿ ‘ಆಂಡೋರ್’ (2022, 2025) ದೊಡ್ಡ ಕೊಡುಗೆ, ಎರಡು ಮಾತಿಲ್ಲ. ಆದರೆ ಕ್ಯಾಮೆರಾದ ಹಿಂದೆ ಎರಡೂ ಚಿತ್ರಗಳು ಒಂದೇ ದಾರಿ ಕಡಿದವು. ‘ರೋಗ್ ಒನ್’ನಲ್ಲಿ ವಿಮಾನಗಳ ಸುತ್ತ ಬೃಹತ್ ಎಲ್‌ಇಡಿ ಪರದೆ ನಿಲ್ಲಿಸಿ, ಪೈಲಟ್‌ಗಳ ಮುಖದ ಮೇಲೆ ಬಾಹ್ಯಾಕಾಶದ ಬೆಳಕು ಬೀಳುವಂತೆ ಮಾಡಿದರು. ‘ಸೋಲೋ’ ಒಂದು ಹೆಜ್ಜೆ ಮುಂದೆ ಹೋಯಿತು. ಫಾಲ್ಕನ್‌ನ ಕಾಕ್‌ಪಿಟ್ ಸುತ್ತ ಬಾಗಿದ ಪರದೆ ಕಟ್ಟಿ, ಹಿಂದಿನಿಂದ ಲೇಸರ್ ಪ್ರೊಜೆಕ್ಟರ್‌ಗಳಲ್ಲಿ ದೃಶ್ಯವನ್ನೇ ಮೂಡಿಸಿದರು. ‘ದಿ ಮ್ಯಾಂಡಲೋರಿಯನ್’ ಸರಣಿಯನ್ನು ಎಲ್‌ಇಡಿ ಗೋಡೆಗಳ ನಡುವೆ ತೆಗೆದದ್ದು ಇದರ ನಂತರ. ಹಸಿರು ಬಟ್ಟೆಯೆದುರು ಕೂತು ಇಲ್ಲದ್ದನ್ನು ಊಹಿಸಿಕೊಳ್ಳುವ ಕಷ್ಟ ಆ ಕಾಕ್‌ಪಿಟ್‌ನಲ್ಲಿ ನಟರಿಗೆ ಇರಲಿಲ್ಲ. ಹ್ಯಾನ್ ಸನ್ನೆಕೋಲು ಎಳೆದಾಗ ನಕ್ಷತ್ರಗಳು ಗೆರೆಗೆರೆಯಾಗಿ ಹಿಂದಕ್ಕೆ ಸರಿದದ್ದನ್ನು ಅವರು ಕಣ್ಣಾರೆ ಕಂಡರು.