ಭೇದದ ನೆಲೆ: ಅಂತರಂಗವೋ, ಅಧಿಕಾರವೋ?

ಹುಟ್ಟಿನ ಕಾರಣದಿಂದ ಮನುಷ್ಯನು ಮನುಷ್ಯನನ್ನು ಕೀಳೆಂದು ಕಾಣುವ ದೋಷವು ಲೋಕದಲ್ಲಿ ನಾನಾ ಹೆಸರುಗಳಿಂದ ನಡೆದುಬಂದಿದೆ. ಪಶ್ಚಿಮ ದೇಶಗಳಲ್ಲಿ ಅದು ಮೈಬಣ್ಣವನ್ನು ಆಶ್ರಯಿಸಿ ವರ್ಣಭೇದವೆನಿಸಿತು. ನಮ್ಮಲ್ಲಿ ಕುಲವನ್ನು ಆಶ್ರಯಿಸಿ ಜಾತಿಭೇದವೆನಿಸಿತು. ಈ ದೋಷದ ಸ್ವರೂಪವನ್ನು ಕುರಿತು ವಿಚಾರವಂತರಲ್ಲಿ ಒಂದು ವಾದವುಂಟು. ಭೇದವೆಂದರೆ ಒಬ್ಬೊಬ್ಬ ವ್ಯಕ್ತಿಯ ಮನಸ್ಸಿನಲ್ಲಿರುವ ತಿರಸ್ಕಾರವೇ? ಅಥವಾ ಸಮಾಜದ ಕಟ್ಟಳೆಯಲ್ಲಿಯೂ ಆಸ್ತಿಪಾಸ್ತಿಯಲ್ಲಿಯೂ ನೆಲೆನಿಂತ ಅಧಿಕಾರವೇ? ರೋಗದ ಸ್ಥಾನ ತಿಳಿಯದೆ ಔಷಧಿಯನ್ನು ಎಲ್ಲಿ ಹಚ್ಚಬೇಕೆಂಬುದು ತಿಳಿಯದಾದ್ದರಿಂದ ಈ ಪ್ರಶ್ನೆಯನ್ನು ಪದಜಿಜ್ಞಾಸೆಯೆಂದು ಬದಿಗಿಡಲಾಗದು.

ವರ್ಣವೂ ಜಾತಿಯೂ ಒಂದೇ ಅಲ್ಲವೆಂಬುದನ್ನು ಮೊದಲು ಗಮನಿಸಬೇಕು. ಡಾ. ಅಂಬೇಡ್ಕರರು 1936ರಲ್ಲಿ ಪ್ರಕಟಿಸಿದ 'ಜಾತಿ ವಿನಾಶ'ದಲ್ಲಿ, ಜಾತಿಗೆ ರಕ್ತಭೇದದ ಆಧಾರವಿಲ್ಲವೆಂದೂ ಒಂದೇ ಪ್ರಾಂತದ ಮೇಲ್ಜಾತಿ-ಕೆಳಜಾತಿಗಳು ಒಂದೇ ಜನಾಂಗಮೂಲದವೆಂದೂ ಪ್ರತಿಪಾದಿಸಿದರು. 2001ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ ವಿಶ್ವಸಂಸ್ಥೆಯ ವರ್ಣಭೇದವಿರೋಧಿ ಸಮ್ಮೇಳನ ನಡೆದಾಗ, ಜಾತಿಯನ್ನು ಅಲ್ಲಿ ಚರ್ಚಿಸಕೂಡದೆಂದು ಭಾರತ ಸರ್ಕಾರ ವಾದಿಸಿತು. ಮೂಲ ಬೇರೆಯಾದರೂ ಇವೆರಡರ ನಡೆಯಲ್ಲಿ ಹೋಲಿಕೆಯಿದೆ. ಅದೇ ಪ್ರಕೃತ ವಿಷಯ.

ಪೂರ್ವಪಕ್ಷವು ಹೀಗಿದೆ. ತಿರಸ್ಕಾರ ಹುಟ್ಟುವುದು ಮನಸ್ಸಿನಲ್ಲಿ. ನಿಜವನ್ನು ವಿಚಾರಿಸದೆ ಒಂದು ಸಮೂಹದವರೆಲ್ಲ ಇಂಥವರೇ ಎಂದು ಮೊದಲೇ ನಿಶ್ಚಯಿಸಿಕೊಳ್ಳುವ ಬುದ್ಧಿಯೇ ಪೂರ್ವಗ್ರಹ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟನು 1954ರ ತನ್ನ ಗ್ರಂಥದಲ್ಲಿ ಈ ಪೂರ್ವಗ್ರಹದ ಸ್ವರೂಪವನ್ನು ವಿಸ್ತಾರವಾಗಿ ಪರಿಶೀಲಿಸಿದನು. ಈ ಪಕ್ಷದವರ ಮತದಂತೆ ಭೇದಕ್ಕೆ ಮದ್ದು ಶಿಕ್ಷಣ, ಸಹವಾಸ, ಸದುಪದೇಶ. ಮನಸ್ಸು ತಿಳಿಯಾದರೆ ಲೋಕವೂ ತಿಳಿಯಾಗುತ್ತದೆ.

ಪ್ರತಿಪಕ್ಷವನ್ನು 1967ರಲ್ಲಿ ಸ್ಟೋಕ್ಲಿ ಕಾರ್ಮೈಕೇಲ್ ಮತ್ತು ಚಾರ್ಲ್ಸ್ ಹ್ಯಾಮಿಲ್ಟನ್ ಎಂಬ ಕಪ್ಪುಜನರ ಚಿಂತಕರು 'ಬ್ಲ್ಯಾಕ್ ಪವರ್' ಎಂಬ ಪುಸ್ತಕದಲ್ಲಿ ಮಂಡಿಸಿದರು. ಚರ್ಚಿಗೆ ಬಾಂಬಿಟ್ಟು ಕಪ್ಪು ಮಕ್ಕಳನ್ನು ಕೊಂದರೆ ಅದು ವ್ಯಕ್ತಿಗಳ ದ್ವೇಷಕೃತ್ಯ. ಎಲ್ಲರೂ ಅದನ್ನು ಕಂಡು ಖಂಡಿಸುತ್ತಾರೆ. ಅದೇ ಊರಿನಲ್ಲಿ ಅನ್ನ, ವಸತಿ, ವೈದ್ಯಗಳ ಕೊರತೆಯಿಂದ ಕಪ್ಪು ಶಿಶುಗಳು ವರ್ಷವರ್ಷವೂ ಸಾಯುತ್ತಿದ್ದರೆ ಅಲ್ಲಿ ಕೊಂದವನೆಂದು ಬೆರಳು ತೋರಲು ಯಾರೂ ಸಿಕ್ಕುವುದಿಲ್ಲ. ಸಂಸ್ಥೆಗಳೇ ಭೇದವನ್ನು ನಡೆಸುತ್ತಿರುವಾಗ ಒಬ್ಬೊಬ್ಬರ ಹೃದಯವನ್ನು ಶೋಧಿಸಿ ಫಲವೇನೆಂಬುದು ಅವರ ಪ್ರಶ್ನೆ.

ಈ ಎರಡು ಪಕ್ಷಗಳನ್ನೂ ನಮ್ಮ ನೆಲದಲ್ಲಿಟ್ಟು ಪರೀಕ್ಷಿಸೋಣ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯು ಸದಾ ಹರಿಯುವ ನದಿಯಿಲ್ಲದ, ಕೆರೆಗಳನ್ನು ನಂಬಿದ ನಾಡು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇದು ಕೋಲಾರ ಜಿಲ್ಲೆಗೆ ಸೇರಿತ್ತು. 2011ರ ಜನಗಣತಿಯಂತೆ ಈ ಹೊಸ ಜಿಲ್ಲೆಯ ಜನರಲ್ಲಿ ಸುಮಾರು ಕಾಲುಭಾಗ ಪರಿಶಿಷ್ಟ ಜಾತಿಯವರು. ಇಲ್ಲಿಯ ಅನೇಕ ಊರುಗಳಲ್ಲಿ ಕೆರೆಯ ತೂಬನ್ನೆತ್ತಿ ಗದ್ದೆಗದ್ದೆಗೂ ನೀರು ಹಾಯಿಸುವ ನೀರಗಂಟಿಯ ಕೆಲಸ ವಂಶಪಾರಂಪರ್ಯವಾಗಿ ದಲಿತ ಮನೆತನಗಳದಾಗಿತ್ತು. ಯಾರ ಗದ್ದೆಗೆ ಎಷ್ಟು ನೀರೆಂಬುದರಲ್ಲಿ ಅವನ ಮಾತನ್ನು ಊರು ನಂಬುತ್ತಿತ್ತು; ಅವನ ನಿಷ್ಪಕ್ಷಪಾತವನ್ನು ಹೊಗಳುತ್ತಿತ್ತು. ಆದರೆ ಊರಬಾವಿಯಿಂದ ಒಂದು ಕೊಡ ನೀರನ್ನು ತಾನೇ ಸೇದಿಕೊಳ್ಳುವಂತಿರಲಿಲ್ಲ. ಊರಿಗೆ ನೀರು ಹಂಚುವವನೇ ಬಾವಿಯ ಬಳಿ ಕೈಯೊಡ್ಡಿ ನಿಲ್ಲಬೇಕಾಗಿತ್ತು. ಇಲ್ಲಿ ವೈಯಕ್ತಿಕ ದ್ವೇಷವೆಲ್ಲಿದೆ? ಅವನ ಮೇಲೆ ಗೌಡನಿಗೆ ಪ್ರೀತಿಯೇ ಇದ್ದಿರಬಹುದು. ಆ ಪ್ರೀತಿಯು ಬಾವಿಯ ಕಟ್ಟಳೆಯನ್ನು ಮುಟ್ಟಲಿಲ್ಲ. ಗ್ರಾಮಗಳ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಪಡಿಸಲು 1961ರ ಕಾಯಿದೆಯೇ ಬೇಕಾಯಿತು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ತೋರಿಸಿ ಕಾಲ ಬದಲಾಗಿದೆಯೆಂದು ಹೇಳುವವರುಂಟು. ಗೂಡಿಗೆ ಜಾತಿಯಿಲ್ಲ, ಯಾರ ಮನೆಯ ಚಂದ್ರಿಕೆಯಿಂದ ಬಿಡಿಸಿದ ಗೂಡಾದರೂ ನೂಲು ಬಿಚ್ಚುವಾಗ ಒಂದೇ ಬಿಸಿನೀರಿನಲ್ಲಿ ಬೇಯುತ್ತದೆ. ಈ ಮಾತು ನಿಜ, ಸಂತೋಷದ ಮಾತೂ ಹೌದು. ಆದರೆ ಹಿಪ್ಪುನೇರಳೆ ಬೆಳೆಯಲು ಭೂಮಿ ಬೇಕು, ಕೊಳವೆಬಾವಿ ಕೊರೆಸಲು ಹಣ ಬೇಕು. ಈ ಎರಡೂ ಯಾರ ಕೈಯಲ್ಲಿವೆ, ಕೂಲಿಯು ಯಾರ ಪಾಲಿನದು ಎಂದು ಕೇಳಿದೊಡನೆ ಹಳೆಯ ಊರು-ಕೇರಿಗಳ ಗೆರೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಈ ಸೀಮೆಯ ಅತ್ಯಂತ ದಾರುಣ ಘಟನೆಯನ್ನು ಇಲ್ಲಿ ನೆನೆಯದೆ ವಿಧಿಯಿಲ್ಲ. 2000ನೆಯ ಇಸವಿಯ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಸಜೀವವಾಗಿ ದಹಿಸಲ್ಪಟ್ಟರು. ವಿಚಾರಣೆಯ ಕಾಲದಲ್ಲಿ ಸಾಕ್ಷಿಗಳು ಹಿಂದಿನ ಹೇಳಿಕೆಗೆ ಪ್ರತಿಕೂಲರಾದರು. 2006ರಲ್ಲಿ ವಿಚಾರಣಾ ನ್ಯಾಯಾಲಯವು ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಉಚ್ಚ ನ್ಯಾಯಾಲಯವು ಆ ತೀರ್ಪನ್ನು ಎತ್ತಿಹಿಡಿಯಿತು. ನ್ಯಾಯಪೀಠವು ದೋಷಿಗಳಲ್ಲವೆಂದವರನ್ನು ದೋಷಿಗಳೆನ್ನುವ ಅಧಿಕಾರ ನಮಗಿಲ್ಲ. ಆದರೆ ಏಳು ಜೀವಗಳು ಬೆಂದದ್ದು ನಿಜ. ಬೇಯಿಸಿದವರು ಇಂಥವರೆಂದು ಸಿದ್ಧವಾಗದೆ ಹೋದದ್ದೂ ನಿಜ. ಭೇದವೆಂದರೆ ವ್ಯಕ್ತಿಯ ದುರ್ಬುದ್ಧಿಯಷ್ಟೇ ಎನ್ನುವ ಲಕ್ಷಣವನ್ನು ಇಲ್ಲಿ ಹಚ್ಚಿ ನೋಡಿದರೆ ಕೈಗೆ ಸಿಕ್ಕುವುದು ಶೂನ್ಯ: ಚಿತೆಯುಂಟು, ಹಚ್ಚಿದವನಿಲ್ಲ. ದಿನದ ಕೂಲಿಗೂ ದಾರಿಗೂ ನೀರಿಗೂ ಪ್ರಬಲರನ್ನು ಆಶ್ರಯಿಸಿದ ಊರುಗಳಲ್ಲಿ ಸತ್ಯ ನುಡಿಯುವುದಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಮನಸ್ಸಿನ ಶಾಸ್ತ್ರವೊಂದೇ ವಿವರಿಸಲಾರದು.

ನೆರೆಯ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರ ಸೆಪ್ಟೆಂಬರಿನಲ್ಲಿ ಇನ್ನೊಂದು ಬಗೆಯ ಘಟನೆ ನಡೆಯಿತು. ಉತ್ಸವದ ದೇವರ ಕೋಲನ್ನು ದಲಿತ ಬಾಲಕನೊಬ್ಬ ಮುಟ್ಟಿದನೆಂದು ಅವನ ಮನೆಯವರಿಗೆ 60,000 ರೂಪಾಯಿ ದಂಡ ವಿಧಿಸಲಾಯಿತೆಂದು ವರದಿಯಾಯಿತು. ಈ 'ದಂಡ'ವೆಂಬ ಶಬ್ದವನ್ನು ವಿಚಾರಿಸಬೇಕು. ಕೇವಲ ತಿರಸ್ಕರಿಸುವವನು ಮುಖ ತಿರುಗಿಸಿಯಾನು, ಬೈದಾನು, ದಂಡ ಹಾಕಲಾರ. ದಂಡ ಹಾಕುವುದಕ್ಕೆ ಪೀಠ ಬೇಕು, ವಿಧಿ ಬೇಕು, ತೆರದಿದ್ದರೆ ಹೊರಹಾಕುವ ಬಲ ಬೇಕು. ತಿರಸ್ಕಾರಕ್ಕೆ ಈ ಮೂರೂ ಒದಗಿದಾಗ ಅದು ಜಾತಿವ್ಯವಸ್ಥೆಯಾಗುತ್ತದೆ.

ನಮ್ಮ ದೇಶದ ಶಾಸನಗಳೂ ಈ ಸತ್ಯವನ್ನು ಹಂತಹಂತವಾಗಿ ಕಂಡುಕೊಂಡಿವೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಮುಖ್ಯವಾಗಿ ತಪ್ಪು ಮಾಡಿದ ವ್ಯಕ್ತಿಯನ್ನು ನೋಡಿತು. 1976ರ ತಿದ್ದುಪಡಿಯು ಊರಿನವರ ಮೇಲೆ ಸಾಮೂಹಿಕ ದಂಡ ವಿಧಿಸಲು ಅವಕಾಶ ಕೊಟ್ಟಿತು. 1989ರ ದೌರ್ಜನ್ಯ ತಡೆ ಕಾಯಿದೆಯು, ಅಪರಾಧಿಯು ಪರಿಶಿಷ್ಟ ಜಾತಿ-ಪಂಗಡಗಳ ಹೊರಗಿನವನಾಗಿರಬೇಕೆಂದು ಹೇಳಿ, ಬಲವು ಯಾವ ದಿಕ್ಕಿನಿಂದ ಹರಿಯುತ್ತದೆಂಬುದನ್ನು ಲಕ್ಷಣದಲ್ಲಿಯೇ ಸೇರಿಸಿತು. ಕರ್ತವ್ಯವನ್ನು ಬೇಕೆಂದೇ ಕಡೆಗಣಿಸುವ ಅಧಿಕಾರಿಯನ್ನೂ ಶಿಕ್ಷಾರ್ಹನನ್ನಾಗಿಸಿತು. 2016ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಸಾಮಾಜಿಕ ಬಹಿಷ್ಕಾರವನ್ನು ಅಪರಾಧವೆಂದು ಸಾರಿ, ಸಾಕ್ಷಿಗಳ ಹಕ್ಕುಗಳಿಗೆ ಒಂದು ಅಧ್ಯಾಯವನ್ನೇ ಕೂಡಿಸಿತು.

ಹಾಗಾದರೆ ಮನಸ್ಸಿನ ಪಕ್ಷ ಪೂರ್ತಿಯಾಗಿ ಸೋತಿತೇ? ಇಲ್ಲ. ಕಾಯಿದೆ ಇಷ್ಟು ಬೆಳೆದರೂ ಭೇದ ಅಳಿಯಲಿಲ್ಲ. ಕಾಯಿದೆಯನ್ನು ನಡೆಸಬೇಕಾದ ಪೊಲೀಸನೂ ಗುಮಾಸ್ತನೂ ಉಪಾಧ್ಯಾಯನೂ ಮನಸ್ಸುಳ್ಳವರೇ. ಅಂಬೇಡ್ಕರರೂ ಜಾತಿಯನ್ನು ಇಟ್ಟಿಗೆಯ ಗೋಡೆಯಂತಲ್ಲದೆ ಮನೋಭಾವವೆಂದೇ ಕರೆದರು. ಆ ಮನೋಭಾವಕ್ಕೆ ಶಾಸ್ತ್ರಪ್ರಾಮಾಣ್ಯವು ಬೆನ್ನೆಲುಬಾಗಿದೆಯೆಂದು ಕೂಡಲೆ ತೋರಿಸಿದರು. ಬಲವಿಲ್ಲದವನಲ್ಲಿ ತಿರಸ್ಕಾರವಿರಲಾರದೆಂಬುದೂ ಸರಿಯಲ್ಲ. ದಲಿತ ಜಾತಿಗಳ ಒಳಗೇ ಮೇಲುಕೀಳುಗಳಿವೆ. ಅವುಗಳಲ್ಲಿ ಹೆಚ್ಚು ಹಿಂದುಳಿದವರಿಗಾಗಿ ಒಳಮೀಸಲಾತಿ ಕಲ್ಪಿಸಬಹುದೆಂದು 2024ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಅಂತಹ ತಿರಸ್ಕಾರವೂ ದೋಷವೇ. ಅದರ ಕೈಗೆ ಎಷ್ಟು ಬಲವಿದೆಯೋ ಅಷ್ಟು ಅದರ ಘಾತ.

ಇನ್ನು ಕಲ್ಯಾಣದ ನಿದರ್ಶನ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಮೂಲದ ಮಧುವರಸರ ಮಗಳಿಗೂ ವಿವಾಹವಾಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಆ ಎರಡು ಮನೆಗಳಲ್ಲಿ ಪೂರ್ವಗ್ರಹದ ಲೇಶವೂ ಉಳಿದಿರಲಿಲ್ಲ. ಭೇದವು ಮನಸ್ಸಿನಲ್ಲಷ್ಟೇ ಇರುವುದಾಗಿದ್ದರೆ ಕಥೆ ಮಂಗಳದಲ್ಲಿ ಮುಗಿಯಬೇಕಿತ್ತು. ಆದರೆ ಬಿಜ್ಜಳನ ಆಜ್ಞೆಯಿಂದ ಆ ಹಿರಿಯರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು. ಮನಸ್ಸು ಬದಲಾದವರನ್ನು ವ್ಯವಸ್ಥೆ ದಂಡಿಸಿತು. ಮತ್ತೊಂದು ಕಡೆ, ಉರಿಲಿಂಗದೇವರ ತರುವಾಯ ಅಸ್ಪೃಶ್ಯ ಕುಲದಿಂದ ಬಂದ ಉರಿಲಿಂಗಪೆದ್ದಿಗಳು ಪೀಠವನ್ನೇರಿದರೆಂದು ಕೇಳುತ್ತೇವೆ. ಗುರುವು ಶಿಷ್ಯನಿಗೆ ಮಮತೆಯ ಜೊತೆಗೆ ಪೀಠವನ್ನೂ ಕೊಟ್ಟನು. ಬದಲಾದ ಮನಸ್ಸು ಅಲ್ಲಿ ವ್ಯವಸ್ಥೆಯನ್ನೂ ಬದಲಿಸಿತು.

ಶರಣರು ಅರಿವು-ಆಚಾರಗಳನ್ನು ಅಗಲಿಸದೆ ಹೇಳಿದ್ದರ ತಾತ್ಪರ್ಯ ಇಲ್ಲಿ ಸ್ಪಷ್ಟವಾಗುತ್ತದೆ. ಪಂಚಾಚಾರಗಳಲ್ಲಿ ಶಿವಾಚಾರವು ಲಿಂಗವಂತರಲ್ಲಿ ಪೂರ್ವದ ಕುಲವನ್ನೆಣಿಸದ ಸಮಭಾವವನ್ನು ವಿಧಿಸುತ್ತದೆ; ಇದು ವ್ಯಕ್ತಿಯ ಅಂತರಂಗದ ಶೋಧನೆ. ಗಣಾಚಾರವು ಅನ್ಯಾಯವನ್ನು ಕಂಡು ಸಮೂಹವು ಸುಮ್ಮನಿರಕೂಡದೆನ್ನುತ್ತದೆ. ಇದು ಸಮಾಜದ ಹೊಣೆ. ಭೇದವು ಮನಸ್ಸಿನದೆಂದಷ್ಟೇ ನಂಬಿದವನು 'ನನ್ನಲ್ಲಿ ತಿರಸ್ಕಾರವಿಲ್ಲ, ಆದ್ದರಿಂದ ನಾನು ಶುದ್ಧ' ಎಂದು ನಿಶ್ಚಿಂತನಾಗುತ್ತಾನೆ. ವ್ಯವಸ್ಥೆಯದೆಂದಷ್ಟೇ ನಂಬಿದವನು 'ವ್ಯವಸ್ಥೆಯೇ ಹೀಗಿರುವಾಗ ನಾನೊಬ್ಬ ಏನು ಮಾಡಲಿ' ಎಂದು ನಿಶ್ಚಿಂತನಾಗುತ್ತಾನೆ. ದಾರಿಗಳು ಎರಡಾದರೂ ಹೊಣೆಯಿಂದ ನುಣುಚಿಕೊಳ್ಳುವುದು ಒಂದೇ.

ನಾಲ್ಕು ತಾಲ್ಲೂಕುಗಳ ಈ ಸೀಮೆಯಲ್ಲಿ ವೀರಶೈವರು ಅಲ್ಪಸಂಖ್ಯಾತರು. ಇದು ನಮ್ಮ ವಿಷಯವಲ್ಲವೆಂದು ಹೇಳುವುದು ಸುಲಭ. ಆದರೆ ಹರಳಯ್ಯನವರ ಹೆಸರನ್ನು ಭಕ್ತಿಯಿಂದ ಉಚ್ಚರಿಸುವ ನಾವು ನಮ್ಮ ಮಕ್ಕಳ ಸಂಬಂಧ ಬೆಳೆಸುವಾಗ ಒಳಪಂಗಡವನ್ನು ಕೇಳುತ್ತೇವೆಯೇ? ನಮ್ಮ ಮಠಗಳ ಪೀಠಗಳಲ್ಲಿ, ವಿದ್ಯಾಸಂಸ್ಥೆಗಳ ಆಡಳಿತಮಂಡಳಿಗಳಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರ ಕುಲದ ಎಷ್ಟು ಮಂದಿಗೆ ಸ್ಥಾನವಿದೆ? ಮೊದಲ ಪ್ರಶ್ನೆ ಅಂತರಂಗಕ್ಕೆ, ಎರಡನೆಯದು ಅಧಿಕಾರಕ್ಕೆ. ಒಂದಕ್ಕೆ ಉತ್ತರ ಕೊಟ್ಟು ಇನ್ನೊಂದನ್ನು ಮರೆಮಾಚಲು ಶರಣಧರ್ಮದಲ್ಲಿ ಅವಕಾಶವಿಲ್ಲ.