ಒಂದು ವರ್ಣತಂತು ಹೆಚ್ಚಾದಾಗ

"ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳು" ಎಂದು ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು. "ನನ್ನ ತಮ್ಮನಿಗೆ 47 ಅಂತೆ ಸಾರ್. ಅವನು ಮನುಷ್ಯ ಅಲ್ವಾ?"

ಅದು ಡೌನ್ ಸಿಂಡ್ರೋಮ್. 21ನೇ ವರ್ಣತಂತು ಎರಡರ ಬದಲು ಮೂರಿರುವುದೇ ಇದಕ್ಕೆ ಕಾರಣವೆಂದು 1959ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ತೋರಿಸಿದರು. ತಾಯಿ ಗ್ರಹಣ ನೋಡಿದ್ದರಿಂದಲ್ಲ, ಯಾರ ಪಾಪದಿಂದಲೂ ಅಲ್ಲ.

ಇಂಥ ಮಗು ಕೂರುವುದು, ನಡೆಯುವುದು, ಮಾತಾಡುವುದು ತಡವಾಗುತ್ತದೆ. ಹಾಗೆಂದು ಕಲಿಯುವುದೇ ಇಲ್ಲವೆಂದಲ್ಲ. ತಂದೆತಾಯಿಯರು ಹೃದಯ, ಕಿವಿ, ಥೈರಾಯ್ಡ್ ತಪಾಸಣೆಯನ್ನು ಬೇಗ ಮಾಡಿಸಬೇಕು. ಮಾತಿನ ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ 2016ರ ಕಾಯ್ದೆ ಕೊಟ್ಟ ಹಕ್ಕು.

ಅಂದು ಕರಿಹಲಗೆಯ ಮೇಲೆ 46ರ ಹಿಂದೆ 'ಸಾಮಾನ್ಯವಾಗಿ' ಎಂದು ಸೇರಿಸಿದೆ. ಹುಡುಗಿ ಕುಳಿತು ಅದನ್ನು ಬರೆದುಕೊಂಡಳು.