ನಿಮಗಿದು ಗೊತ್ತೇ? ಅಂಗಿ ಹೂತವರು, ಕುದುರೆ ಏರಿದವರು

ಎದುರಾಳಿ ತಂಡಕ್ಕೆ ಮಾಟ ಮಾಡಲು ಕಾಂಕ್ರೀಟನ್ನೂ ಬಳಸಬಹುದು! ನ್ಯೂಯಾರ್ಕಿನಲ್ಲಿ ಯಾಂಕೀಸ್ ಬೇಸ್‌ಬಾಲ್ ತಂಡದ ಹೊಸ ಕ್ರೀಡಾಂಗಣ ಏಳುತ್ತಿದ್ದಾಗ ಅಲ್ಲಿ ಕೂಲಿಗಿದ್ದ ಕಾರ್ಮಿಕನೊಬ್ಬ ಬಾಸ್ಟನ್ನಿನ ರೆಡ್ ಸಾಕ್ಸ್ ತಂಡದ ಕಟ್ಟಾ ಅಭಿಮಾನಿ. ರೆಡ್ ಸಾಕ್ಸ್‌ನ ಡೇವಿಡ್ ಒರ್ಟಿಜ್ ಹೆಸರಿನ ಜೆರ್ಸಿಯೊಂದನ್ನು ತಂದು ಹಸಿ ಕಾಂಕ್ರೀಟಿನಲ್ಲಿ ಹೂತುಬಿಟ್ಟ. ಗುಟ್ಟು ರಟ್ಟಾಯಿತು. 2008ರ ಏಪ್ರಿಲ್‌ನಲ್ಲಿ ಯಾಂಕೀಸ್‌ನವರು ಗಟ್ಟಿಯಾಗಿದ್ದ ನೆಲವನ್ನು ಡ್ರಿಲ್ ಹಾಕಿ ಒಡೆಸಿ ಅಂಗಿಯನ್ನು ಹೊರತೆಗೆದರು. ಹರಿದು ಧೂಳು ಮೆತ್ತಿಕೊಂಡಿದ್ದ ಆ ಅಂಗಿ ಹರಾಜಿನಲ್ಲಿ 1,75,100 ಡಾಲರಿಗೆ ಹೋಯಿತು. ದುಡ್ಡು ಸೇರಿದ್ದು ಬಾಸ್ಟನ್ನಿನ ಕ್ಯಾನ್ಸರ್ ನಿಧಿಗೆ. ಮರುವರ್ಷ ಅದೇ ಮೈದಾನದಲ್ಲಿ ಯಾಂಕೀಸ್ ಚಾಂಪಿಯನ್. ಮಾಟ ತೆಗೆಸಿದ್ದು ಫಲಿಸಿತು ಎನ್ನುವವರು ಅಮೆರಿಕದಲ್ಲೂ ಇದ್ದಾರೆ.

ಇವರೇಕೆ ಹೀಗೆ ಎಂದು ಕೇಳುವ ಮುನ್ನ ಒಂದು ಮಾತು. ಎರಡೂ ಊರುಗಳ ನಡುವೆ ಇರುವುದು ಸುಮಾರು 350 ಕಿ.ಮೀ. ಎರಡೂ ತಂಡಗಳು ಒಂದೇ ಲೀಗ್, ಒಂದೇ ವಿಭಾಗ. ವರ್ಷ ವರ್ಷವೂ ಮತ್ತೆ ಮತ್ತೆ ಮುಖಾಮುಖಿ. ಇದು ಪರದೇಶದವರ ಮೇಲಿನ ಯುದ್ಧವಲ್ಲ, ಶುದ್ಧ ದಾಯಾದಿ ಜಗಳ. ದಾಯಾದಿಗಳಲ್ಲಿ ಆಗುವಂತೆಯೇ ಇಲ್ಲೂ ಈ ಮನೆಯವನು ಆ ಮನೆ ಸೇರುತ್ತಾನೆ, ಆ ಮನೆಯವನು ಈ ಮನೆಯ ಮೈಕು ಹಿಡಿಯುತ್ತಾನೆ. ಬೈಗುಳ ಖಾಲಿಯಾಗದಿರುವುದು ಅದಕ್ಕೇ.

ಎಲ್ಲಕ್ಕೂ ಮೂಲ ಒಂದು ಮಾರಾಟ. 1919ರ ಕೊನೆಯಲ್ಲಿ ರೆಡ್ ಸಾಕ್ಸ್ ಮಾಲೀಕ ಹ್ಯಾರಿ ಫ್ರೇಜಿ ತಮ್ಮ ಅತಿ ದೊಡ್ಡ ಆಟಗಾರ ಬೇಬ್ ರೂತ್‌ನನ್ನು ಯಾಂಕೀಸ್‌ಗೆ ಮಾರಿದರು. ಬೆಲೆ ಒಂದು ಲಕ್ಷ ಡಾಲರ್. ಜೊತೆಗೆ ಯಾಂಕೀಸ್ ಕಡೆಯಿಂದ ಸಾಲ, ಸಾಲಕ್ಕೆ ಅಡಮಾನ ಬಾಸ್ಟನ್ನಿನ ಸ್ವಂತ ಮೈದಾನ ಫೆನ್‌ವೇ ಪಾರ್ಕ್! ಮನೆಯ ಮಗನನ್ನು ಕೊಟ್ಟು, ಮನೆಪತ್ರವನ್ನೂ ಎದುರುಮನೆಯವರ ಕೈಗಿಟ್ಟಂತೆ. ಅಲ್ಲಿಯವರೆಗೆ ಬಾಸ್ಟನ್ ಐದು ಸಲ ಬೇಸ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿಯಾದ ವರ್ಲ್ಡ್ ಸೀರೀಸ್ ಗೆದ್ದಿತ್ತು, ಯಾಂಕೀಸ್ ಒಂದೂ ಇಲ್ಲ. ಆಮೇಲೆ ಲೆಕ್ಕ ತಿರುಗಿತು. ಯಾಂಕೀಸ್ ಈವರೆಗೆ ಗೆದ್ದಿರುವುದು 27. ಬಾಸ್ಟನ್‌ಗೆ 1918ರ ನಂತರ ಮುಂದಿನ ಗೆಲುವು ಸಿಕ್ಕಿದ್ದು 2004ರಲ್ಲಿ.

ಈ 86 ವರ್ಷಗಳ ಬರವನ್ನು ನ್ಯೂಯಾರ್ಕಿನವರು ಸುಮ್ಮನೆ ಬಿಟ್ಟಾರೆಯೇ? ಅವರ ಬೈಗುಳದಲ್ಲಿ ಒಂದು ಕೆಟ್ಟ ಪದವೂ ಬೇಕಿರಲಿಲ್ಲ. ಇಡೀ ಗ್ಯಾಲರಿ ಎದ್ದು ನಿಂತು ಒಂದು ಇಸವಿಯನ್ನಷ್ಟೇ ಕೂಗುತ್ತಿತ್ತು: ‘ನೈನ್‌ಟೀನ್ ಏಟೀನ್! ನೈನ್‌ಟೀನ್ ಏಟೀನ್!’ ನನ್ನ ಲೆಕ್ಕದಲ್ಲಿ ಜಗತ್ತಿನ ಅತ್ಯುತ್ತಮ ಗೇಲಿ ಇದೇ. ಕೇಳಿದವನು ಉತ್ತರವಾಗಿ ಏನು ಹೇಳಿಯಾನು, ಸತ್ಯವೇ ಅಲ್ಲವೇ?

ಬಾಸ್ಟನ್ನಿನವರ ಉತ್ತರ ಇಷ್ಟು ನಾಜೂಕಿನದಲ್ಲ. ‘ಯಾಂಕೀಸ್ ಸಕ್’ ಎಂಬ ಅವರ ಘೋಷಣೆಗೆ ಯಾಂಕೀಸ್ ಊರಲ್ಲಿರಬೇಕೆಂದೇನೂ ಇಲ್ಲ, ಬೇರೆ ಯಾವುದೋ ತಂಡದ ಜೊತೆ ಪಂದ್ಯವಿದ್ದರೂ ಕೂಗು ಎದ್ದೇಳುತ್ತದೆ. ಬೇಸ್‌ಬಾಲೇ ಆಗಬೇಕೆಂದೂ ಇಲ್ಲ. 2002ರಲ್ಲಿ ಅಲ್ಲಿನ ಫುಟ್‌ಬಾಲ್ ತಂಡ ಪೇಟ್ರಿಯಟ್ಸ್ ಸೂಪರ್ ಬೌಲ್ ಗೆದ್ದು ಮೆರವಣಿಗೆ ಬಂದಾಗ, ಆಟಗಾರ ಲ್ಯಾರಿ ಇಜೊ ಮೈಕ್ ಹಿಡಿದು ಜನರಿಂದ ಇದೇ ಘೋಷಣೆ ಕೂಗಿಸಿದ. ಗೆದ್ದದ್ದು ಫುಟ್‌ಬಾಲ್, ಬೈದದ್ದು ಬೇಸ್‌ಬಾಲ್ ತಂಡವನ್ನು.

ಬಾಸ್ಟನ್ನಿನಲ್ಲಿ ಒಬ್ಬ ಆಟಗಾರನ ಹೆಸರಿನ ನಡುವೆ ಒಂದು ಅಶ್ಲೀಲ ಪದವನ್ನು ಕಾಯಂ ಆಗಿ ಸೇರಿಸಿದ್ದಾರೆ. ಆತ ಬಕಿ ಡೆಂಟ್. 1978ರ ಅಕ್ಟೋಬರ್ 2, ಎರಡೂ ತಂಡಗಳು ಸರಿಸಮ ನಿಂತು, ತೀರ್ಮಾನಕ್ಕೆ ಫೆನ್‌ವೇಯಲ್ಲಿ ಒಂದೇ ಒಂದು ಪಂದ್ಯ. ಡೆಂಟ್ ಯಾಂಕೀಸ್‌ನ ಸಣಕಲು ಶಾರ್ಟ್‌ಸ್ಟಾಪ್, ಆ ಋತುವಿನಲ್ಲಿ ಅಲ್ಲಿಯವರೆಗೆ ಹೊಡೆದದ್ದು ನಾಲ್ಕೇ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥದ್ದು). ಏಳನೇ ಇನಿಂಗ್‌ನಲ್ಲಿ ಚೆಂಡು ಅವನದೇ ಬ್ಯಾಟಿಗೆ ತಾಗಿ ಕಾಲಿಗೆ ಬಡಿಯಿತು. ಕುಂಟುತ್ತ ನಿಂತ. ಅಷ್ಟರಲ್ಲಿ ಸಹ ಆಟಗಾರ ಮಿಕಿ ರಿವರ್ಸ್ ತನ್ನ ಬ್ಯಾಟು ಕಳಿಸಿಕೊಟ್ಟ. ಎರವಲು ಬ್ಯಾಟಿನಿಂದ ಬೀಸಿದ ಚೆಂಡು ಎಡಗಡೆಯ ಎತ್ತರದ ಹಸಿರು ಗೋಡೆಯ ನೆತ್ತಿ ದಾಟಿತು. ಒಂದೇ ಹೊಡೆತಕ್ಕೆ ಮೂರು ರನ್. ಪಂದ್ಯ 5-4ರಿಂದ ಯಾಂಕೀಸ್‌ಗೆ.

ಚೆಂಡೆಸೆದವನು ಯಾರು ಗೊತ್ತೇ? ಮೈಕ್ ಟೊರೆಜ್. ಹಿಂದಿನ ವರ್ಷ, 1977ರಲ್ಲಿ, ಯಾಂಕೀಸ್‌ಗೆ ವರ್ಲ್ಡ್ ಸೀರೀಸ್ ಗೆಲ್ಲಿಸಿಕೊಟ್ಟ ಕೊನೆಯ ಪಂದ್ಯದ ಪಿಚರ್ ಇವನೇ!

ಕಥೆ ಮುಗಿಯಲಿಲ್ಲ. ಡೆಂಟ್ ಮುಂದೆ ಯಾಂಕೀಸ್‌ನ ಮ್ಯಾನೇಜರ್ ಆದ. 1990ರ ಜೂನ್‌ನಲ್ಲಿ ಮಾಲೀಕ ಜಾರ್ಜ್ ಸ್ಟೈನ್‌ಬ್ರೆನರ್ ಅವನನ್ನು ಕೆಲಸದಿಂದ ಕಿತ್ತುಹಾಕಿದಾಗ ತಂಡ ಇದ್ದದ್ದು ಬಾಸ್ಟನ್ನಿನಲ್ಲಿ. ಹನ್ನೆರಡು ವರ್ಷ ಕಾದ ಊರಿಗೆ ಮನೆ ಬಾಗಿಲಿಗೇ ಬಂದ ಸಿಹಿ. ಡೆಂಟ್ ಕೂಡ ಕಡಿಮೆಯಲ್ಲ. ಫ್ಲಾರಿಡಾದ ಡೆಲ್‌ರೇ ಬೀಚ್‌ನಲ್ಲಿದ್ದ ತನ್ನ ಬೇಸ್‌ಬಾಲ್ ಶಾಲೆಯಲ್ಲಿ ಫೆನ್‌ವೇಯ ಪ್ರತಿಕೃತಿಯನ್ನೇ ಕಟ್ಟಿಸಿದ, ಹಸಿರು ಗೋಡೆಯ ಸಮೇತ.

ಅದೇ 1978ರ ಪಂದ್ಯದ ಒಂಬತ್ತನೇ ಇನಿಂಗ್‌ನಲ್ಲಿ ಬಾಸ್ಟನ್ನಿನ ಜೆರಿ ರೆಮಿ ಹೊಡೆದ ಚೆಂಡು ಬಿಸಿಲಿಗೆ ಯಾಂಕೀಸ್‌ನ ಲೂ ಪಿನೆಲಾ ಕಣ್ಣಿಗೇ ಕಾಣಲಿಲ್ಲ. ಅಂದಾಜಿನ ಮೇಲೆ ಕೈಚಾಚಿ ತಡೆದುಬಿಟ್ಟ. ಇಲ್ಲದಿದ್ದರೆ ಇತಿಹಾಸವೇ ಬೇರೆ. ಈ ರೆಮಿಯೇ 1988ರಿಂದ ರೆಡ್ ಸಾಕ್ಸ್‌ನ ಟಿವಿ ಕಾಮೆಂಟೇಟರ್ ಆಗಿ, 2021ರಲ್ಲಿ ತೀರಿಕೊಳ್ಳುವ ವರ್ಷದವರೆಗೂ ಆ ಊರಿನ ಮನೆಮಾತಾಗಿದ್ದರು.

ಕಾಮೆಂಟೇಟರ್‌ಗಳ ವಿಷಯಕ್ಕೆ ಬಂದರೆ ಗೇಲಿಗೆ ಬರವೇ ಇಲ್ಲ. ಯಾಂಕೀಸ್ ರೇಡಿಯೋದ ಜಾನ್ ಸ್ಟರ್ಲಿಂಗ್ 1989ರಿಂದ 2019ರವರೆಗೆ ಒಂದೂ ಪಂದ್ಯ ತಪ್ಪಿಸದೆ ಸತತ 5,060 ಪಂದ್ಯಗಳಿಗೆ ದನಿ ಕೊಟ್ಟವರು. ಎದುರಾಳಿಗಳು ನೆನಪಿಟ್ಟುಕೊಂಡದ್ದು ಮಾತ್ರ ಬೇರೆಯದನ್ನು. ಚೆಂಡು ಮೇಲೇರಿತು, ದೂರ ಹೋಯಿತು, ಹೋಗೇಬಿಟ್ಟಿತು ಎಂದು ಅವರು ಹಾಡಿನ ಧಾಟಿಯಲ್ಲಿ ಘೋಷಿಸಿ ಮುಗಿಸುವಷ್ಟರಲ್ಲಿ, ಒಮ್ಮೊಮ್ಮೆ ಆ ಚೆಂಡು ಎದುರಾಳಿ ಫೀಲ್ಡರನ ಕೈಯಲ್ಲಿ ಬೆಚ್ಚಗೆ ಕೂತಿರುತ್ತಿತ್ತು.

ಅವರ ಜೊತೆಗಾರ್ತಿ ಸೂಜನ್ ವಾಲ್ಡ್‌ಮನ್ ಹುಟ್ಟಿದ್ದು ಮ್ಯಾಸಚೂಸೆಟ್ಸ್‌ನ ನ್ಯೂಟನ್‌ನಲ್ಲಿ, ಬೆಳೆದದ್ದು ಫೆನ್‌ವೇಯ ಸೀಟುಗಳಲ್ಲಿ! ಬ್ರಾಡ್‌ವೇ ರಂಗಭೂಮಿಯಲ್ಲಿ ನಟಿಸಿ, ಹಾಡಿ, ಆಮೇಲೆ ಮೈಕು ಹಿಡಿದವರು. 2007ರ ಮೇ ತಿಂಗಳಲ್ಲಿ ಪಿಚರ್ ರೋಜರ್ ಕ್ಲೆಮೆನ್ಸ್ ಯಾಂಕೀಸ್‌ಗೆ ಮರಳುತ್ತಿದ್ದೇನೆಂದು ಮಾಲೀಕರ ಬಾಕ್ಸಿನಲ್ಲಿ ನಿಂತು ಘೋಷಿಸಿದಾಗ, ವಾಲ್ಡ್‌ಮನ್ ಸಂಭ್ರಮ ತಡೆಯಲಾರದೆ ಕೂಗಿದ ಕೂಗನ್ನು ಎದುರಾಳಿ ಅಭಿಮಾನಿಗಳು ವರ್ಷಗಟ್ಟಲೆ ಅಣಕಿಸಿದರು. ಮಾಲೀಕನ ಜೊತೆ 14 ವರ್ಷ ಮುನಿಸಿಕೊಂಡಿದ್ದ ಯಾಂಕೀಸ್ ದಿಗ್ಗಜ ಯೋಗಿ ಬೆರಾರನ್ನು 1999ರಲ್ಲಿ ರಾಜಿ ಮಾಡಿಸಿದ್ದೂ ಇದೇ ಹೆಂಗಸು. ಅದನ್ನು ಅಣಕಿಸುವವರು ಹೇಳುವುದಿಲ್ಲ.

ಕರ್ಟ್ ಗೌಡಿ ಗೊತ್ತೇ? ಹೆಸರು ಕೇಳಿ ಮಂಡ್ಯದ ಕಡೆಯವರೆಂದುಕೊಳ್ಳಬೇಡಿ, ವಯೋಮಿಂಗ್‌ನವರು. ಕಸುಬು ಕಲಿತದ್ದು ಯಾಂಕೀಸ್‌ನ ಕಾಮೆಂಟೇಟರ್ ಮೆಲ್ ಆಲೆನ್ ಪಕ್ಕದಲ್ಲಿ ಕೂತು. ಹೆಸರು ಮಾಡಿದ್ದು 1951ರಿಂದ 15 ವರ್ಷ ರೆಡ್ ಸಾಕ್ಸ್‌ನ ದನಿಯಾಗಿ.

ಯಾಂಕೀಸ್‌ನ ಫಿಲ್ ರಿಜುಟೊ ಅವರದು ಇನ್ನೂ ಸೊಗಸು. ಮಾಜಿ ಶಾರ್ಟ್‌ಸ್ಟಾಪ್, ಆಮೇಲೆ 40 ವರ್ಷ ಕಾಮೆಂಟರಿ. ಪಂದ್ಯದ ನಡುವೆ ಯಾರದೋ ಹುಟ್ಟುಹಬ್ಬಕ್ಕೆ ಶುಭಾಶಯ, ಯಾರೋ ಕಳಿಸಿದ ಕನೋಲಿ ಸಿಹಿಯ ವರ್ಣನೆ. ಸ್ಕೋರ್ ಪುಸ್ತಕದಲ್ಲಿ ‘ಡಬ್ಲ್ಯು ಡಬ್ಲ್ಯು’ ಎಂಬ ಸಂಕೇತ ಬೇರೆ, ಅಂದರೆ ‘ನಾನು ನೋಡುತ್ತಿರಲಿಲ್ಲ’! ಏಳನೇ ಇನಿಂಗ್ ಮುಗಿದರೆ ಸಾಕು, ಜಾರ್ಜ್ ವಾಷಿಂಗ್ಟನ್ ಸೇತುವೆಯಲ್ಲಿ ಟ್ರಾಫಿಕ್ ಆಗುತ್ತದೆಂದು ಎದ್ದು ಮನೆಗೆ ಹೊರಟುಬಿಡುತ್ತಿದ್ದರು. ಬೆಂಗಳೂರಿನಲ್ಲಿ ಇದ್ದಿದ್ದರೆ ಮೂರನೇ ಇನಿಂಗ್‌ಗೇ ಹೊರಡಬೇಕಾಗುತ್ತಿತ್ತು. ‘ಹೋಲಿ ಕೌ’ ಎನ್ನುವುದು ಅವರ ಉದ್ಗಾರ. 1985ರ ಆಗಸ್ಟ್ 4ರಂದು ತಂಡದವರು ಅವರನ್ನು ಸನ್ಮಾನಿಸುವಾಗ ತಲೆಯ ಮೇಲೆ ಪ್ರಭಾವಳಿ ಕಟ್ಟಿದ ನಿಜವಾದ ಹಸುವನ್ನೇ ಮೈದಾನಕ್ಕೆ ತಂದರು. ಹಸು ರಿಜುಟೊ ಅವರನ್ನು ಕೆಡವಿತು.

ಇದೇ ರಿಜುಟೊ 1994ರಲ್ಲಿ ಹಾಲ್ ಆಫ್ ಫೇಮ್ ಸೇರುವಂತೆ ಸಮಿತಿಯೊಳಗೆ ಪಟ್ಟು ಹಿಡಿದವರು ಯಾರು? ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್. ರಿಜುಟೊ ನಮ್ಮ ಕಡೆ ಇದ್ದಿದ್ದರೆ ಗೆಲ್ಲುತ್ತಿದ್ದವರು ನಾವೇ ಎಂಬುದು ಅವರ ವಾದ.

ಇನ್ನು ಪಕ್ಷಾಂತರಿಗಳು. ವೇಡ್ ಬಾಗ್ಸ್ 11 ವರ್ಷ ಬಾಸ್ಟನ್ನಿನಲ್ಲಿ ಆಡಿದ, ಐದು ಸಲ ಬ್ಯಾಟಿಂಗ್ ಕಿರೀಟ ತೊಟ್ಟ, ವರ್ಲ್ಡ್ ಸೀರೀಸ್ ಮಾತ್ರ ಸಿಗಲಿಲ್ಲ. 1996ರಲ್ಲಿ ಯಾಂಕೀಸ್ ಜೊತೆ ಅದೂ ಸಿಕ್ಕಾಗ ಪೊಲೀಸ್ ಕುದುರೆಯ ಬೆನ್ನೇರಿ ತೋರುಬೆರಳೆತ್ತಿ ಮೈದಾನ ಸುತ್ತಿದ. ಬಾಸ್ಟನ್ನಿನ ಅಭಿಮಾನಿಗೆ ಆ ಫೋಟೊ ತೋರಿಸಿ ನೋಡಿ.

ಕ್ಲೆಮೆನ್ಸ್ ಕೂಡ ಬಾಸ್ಟನ್ನಿನ ಮನೆಮಗನೇ. 1999ರ ಅಕ್ಟೋಬರ್ 16ರಂದು ಯಾಂಕೀಸ್ ಅಂಗಿ ತೊಟ್ಟು ಫೆನ್‌ವೇಗೆ ಬಂದು ಹಿಗ್ಗಾಮುಗ್ಗಾ ಹೊಡೆಸಿಕೊಂಡು ಬೇಗನೆ ಹೊರನಡೆದ. ಆಮೇಲೆ ಗ್ಯಾಲರಿಯ ಒಂದು ಕಡೆಯಿಂದ ‘ರೋಜರ್ ಎಲ್ಲಿ?’ ಎಂಬ ಪ್ರಶ್ನೆ, ಇನ್ನೊಂದು ಕಡೆಯಿಂದ ‘ಸ್ನಾನಕ್ಕೆ ಹೋಗಿದಾನೆ!’ ಎಂಬ ಉತ್ತರ. ಪಂದ್ಯ 13-1. ಆದರೆ ಆ ವರ್ಷದ ನಾಕೌಟ್ ಪಂದ್ಯಗಳಲ್ಲಿ ಯಾಂಕೀಸ್ ಸೋತದ್ದು ಅದೊಂದನ್ನೇ. ಹನ್ನೊಂದು ಗೆದ್ದು ಕಪ್ ಒಯ್ದರು.

ಜಾನಿ ಡೇಮನ್ ಕಥೆ ಕೇಳಿದರೆ ಪಾಪ ಎನಿಸುತ್ತದೆ, ಅಷ್ಟೇನೂ ಅನಿಸುವುದೂ ಇಲ್ಲ. ಉದ್ದ ಕೂದಲು, ಗಡ್ಡ ಬಿಟ್ಟು 2004ರಲ್ಲಿ ಬಾಸ್ಟನ್ನಿನ ಬರ ನೀಗಿಸಿದ ತಂಡದ ಹೀರೊ. ಯಾಂಕೀಸ್‌ಗೆ ನಾನು ಹೋಗುವ ಮಾತೇ ಇಲ್ಲ ಎಂದು 2005ರ ಮೇ ತಿಂಗಳಲ್ಲಿ ಹೇಳಿದ. ಡಿಸೆಂಬರ್‌ನಲ್ಲಿ ನಾಲ್ಕು ವರ್ಷಕ್ಕೆ 5.2 ಕೋಟಿ ಡಾಲರಿಗೆ ಹೋದ. ಸ್ಟೈನ್‌ಬ್ರೆನರ್ ನಿಯಮದಂತೆ ಕೂದಲು, ಗಡ್ಡ ಎರಡನ್ನೂ ತೆಗೆಸಬೇಕಾಯಿತು. ಬಾಸ್ಟನ್ನಿನಲ್ಲಿ ಟೀ ಶರ್ಟುಗಳು ಬಂದವು: ನೋಡಲು ಏಸು, ಮಾಡುವುದು ಯೂದನ ಕೆಲಸ, ಚೆಂಡೆಸೆಯುವುದು ಮೇರಿಯಂತೆ. ಕೊನೆಯ ಚುಚ್ಚು ಅವನ ದುರ್ಬಲ ತೋಳಿಗೆ. 2006ರ ಮೇ 1ರಂದು ಫೆನ್‌ವೇಗೆ ಬಂದಾಗ ಅವನತ್ತ ನೋಟು ಎರಚಿದರು. ಆತ ಹೆಲ್ಮೆಟ್ ತೆಗೆದು ವಂದಿಸಿದ.

ಅದೇ ಸಂಜೆ ಇನ್ನೊಂದು ತಮಾಷೆ. ಟಿಮ್ ವೇಕ್‌ಫೀಲ್ಡ್ ಎಸೆಯುವ ಅಡ್ಡಾದಿಡ್ಡಿ ನಕಲ್‌ಬಾಲ್ ಹಿಡಿಯಬಲ್ಲವನು ಬಾಸ್ಟನ್ನಿಗೆ ತುರ್ತಾಗಿ ಬೇಕಿತ್ತು. ಹಳೆಯ ಕ್ಯಾಚರ್ ಡಗ್ ಮಿರಾಬೆಲ್ಲಿಯನ್ನು ಸ್ಯಾನ್ ಡಿಯಾಗೊದಿಂದ ವಿಮಾನದಲ್ಲಿ ತರಿಸಿದರು. ಸೈರನ್ ಹಾಕಿಕೊಂಡು ಓಡುತ್ತಿದ್ದ ಪೊಲೀಸ್ ಗಾಡಿಯೊಳಗೇ ಆತ ಬಟ್ಟೆ ಬದಲಿಸಿ ಮೈದಾನಕ್ಕಿಳಿದ. ಗೆದ್ದದ್ದು ಬಾಸ್ಟನ್, 7-3.

ಅಂದಹಾಗೆ, ಡೇಮನ್‌ನ ಗಡ್ಡ ತೆಗೆಸಿದ್ದ ಯಾಂಕೀಸ್ ಗಡ್ಡಕ್ಕೆ ಒಪ್ಪಿಗೆ ಕೊಟ್ಟದ್ದು 2025ರ ಫೆಬ್ರುವರಿಯಲ್ಲಿ! ಒಪ್ಪವಾಗಿರಬೇಕು ಎಂಬ ಷರತ್ತಿನೊಂದಿಗೆ.

2002ರಲ್ಲಿ ಯಾಂಕೀಸ್ ಇನ್ನೊಬ್ಬ ದುಬಾರಿ ಆಟಗಾರನನ್ನು ಬಾಚಿಕೊಂಡಾಗ ರೆಡ್ ಸಾಕ್ಸ್ ಅಧ್ಯಕ್ಷ ಲ್ಯಾರಿ ಲುಕಿನೊ ಸಿಟ್ಟಿನಲ್ಲಿ ಅವರನ್ನು ‘ಈವಿಲ್ ಎಂಪೈರ್’ ಎಂದು, ಅಂದರೆ ದುಷ್ಟ ಸಾಮ್ರಾಜ್ಯವೆಂದು ಜರೆದರು. ಮುಂದೆ ಬೇರೊಂದು ಕಂಪನಿ ಆ ಹೆಸರಲ್ಲಿ ಸರಕು ಮಾರಲು ಹೊರಟಾಗ ಅಡ್ಡ ನಿಂತವರು ಯಾರೆಂದುಕೊಂಡಿರಿ? ಸ್ವತಃ ಯಾಂಕೀಸ್. ಬೇಸ್‌ಬಾಲ್‌ನಲ್ಲಿ ದುಷ್ಟ ಸಾಮ್ರಾಜ್ಯವೆಂದರೆ ಜನ ತಿಳಿಯುವುದು ಯಾಂಕೀಸನ್ನೇ ಎಂದು 2013ರಲ್ಲಿ ಟ್ರೇಡ್‌ಮಾರ್ಕ್ ಮಂಡಳಿ ಅವರ ಪರ ತೀರ್ಪಿತ್ತಿತು. ಬೈಗುಳವನ್ನೂ ಆಸ್ತಿ ಪಟ್ಟಿಗೆ ಸೇರಿಸಿಕೊಂಡವರು.

ಅದೇ 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಮೇಲೆ ಬಾಂಬ್ ದಾಳಿಯಾದ ಮರುದಿನ, ಯಾಂಕೀಸ್ ತಮ್ಮ ಮೈದಾನದಲ್ಲಿ ಫೆನ್‌ವೇಯ ನಿತ್ಯದ ಹಾಡು ‘ಸ್ವೀಟ್ ಕ್ಯಾರೊಲೈನ್’ ಹಾಕಿದರು. ಜನ ದನಿಗೂಡಿಸಿದರು.

ಬಾಸ್ಟನ್ನಿನ ಪಿಚರ್ ಪೆಡ್ರೊ ಮಾರ್ಟಿನೆಜ್ 2004ರ ಸೆಪ್ಟೆಂಬರ್‌ನಲ್ಲಿ ಸೋತ ಬೇಸರಕ್ಕೆ ಯಾಂಕೀಸನ್ನು ನನ್ನ ಅಪ್ಪ ಎಂದು ಕರೆಯುವುದೊಂದು ಬಾಕಿ ಎಂಬರ್ಥದ ಮಾತಾಡಿದ. ಮುಂದಿನ ತಿಂಗಳು ನ್ಯೂಯಾರ್ಕಿಗೆ ಹೋದಾಗ ಇಡೀ ಕ್ರೀಡಾಂಗಣ ‘ನಿಮ್ಮಪ್ಪ ಯಾರೋ?’ ಎಂದು ಕೇಳಿತು. 2009ರಲ್ಲಿ ಬೇರೆ ತಂಡದ ಅಂಗಿಯಲ್ಲಿ ಹೋದರೂ ಅದೇ ಪ್ರಶ್ನೆ. ಗ್ಯಾಲರಿಯ ನೆನಪಿನ ಶಕ್ತಿ ಅಂಥದ್ದು.

2005ರ ಏಪ್ರಿಲ್‌ನಲ್ಲಿ ಫೆನ್‌ವೇ ಜನ ಯಾಂಕೀಸ್‌ನ ಪಿಚರ್ ಮರಿಯಾನೊ ರಿವೆರಾಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ವರ್ಷ ಕೈಯಲ್ಲಿದ್ದ ಪಂದ್ಯ ಬಿಟ್ಟುಕೊಟ್ಟು ಉಪಕಾರ ಮಾಡಿದ್ದಕ್ಕೆ! ರಿವೆರಾ ನಕ್ಕು ಟೋಪಿ ಎತ್ತಿದ. ಅಲ್ಲಿಗೆ ಗೇಲಿಯ ಅರ್ಧ ಜೀವ ಹೋಯಿತು.

2003ರ ಲೀಗ್ ಫೈನಲ್ಲಿನ ಕೊನೆಯ ಪಂದ್ಯವನ್ನು 11ನೇ ಇನಿಂಗ್‌ನಲ್ಲಿ ಹೋಮ್ ರನ್ ಹೊಡೆದು ಯಾಂಕೀಸ್‌ಗೆ ಗೆಲ್ಲಿಸಿದವನು ಆರನ್ ಬೂನ್. ಅಂದು ಫಾಕ್ಸ್ ಟಿವಿಯ ಕಾಮೆಂಟರಿ ಬಾಕ್ಸಿನಲ್ಲಿ ಅತಿಥಿಯಾಗಿ ಕೂತಿದ್ದವನು ಅವನ ಸ್ವಂತ ಅಣ್ಣ ಬ್ರೆಟ್ ಬೂನ್. ಮುಂದಿನ ಜನವರಿಯಲ್ಲಿ ಆರನ್ ಬಾಸ್ಕೆಟ್‌ಬಾಲ್ ಆಡಲು ಹೋಗಿ ಮೊಣಕಾಲು ಕೆಡಿಸಿಕೊಂಡ. ಆ ಜಾಗ ತುಂಬಲು ಯಾಂಕೀಸ್ ತಂದದ್ದು ಅಲೆಕ್ಸ್ ರಾಡ್ರಿಗೆಜ್‌ನನ್ನು. ತಿಂಗಳೆರಡರ ಹಿಂದಷ್ಟೇ ಬಾಸ್ಟನ್ ಕೈಗೆ ಸಿಕ್ಕಂತಾಗಿ ಜಾರಿಹೋಗಿದ್ದವನು ಅವನು. ಈಗ ಅದೇ ಫಾಕ್ಸ್ ಸ್ಟುಡಿಯೊದಲ್ಲಿ ರಾಡ್ರಿಗೆಜ್, ಬಾಸ್ಟನ್ನಿನ ಒರ್ಟಿಜ್ ಅಕ್ಕಪಕ್ಕ ಕೂತು ಪರಸ್ಪರ ಕಾಲೆಳೆಯುವುದೇ ಒಂದು ಕಾರ್ಯಕ್ರಮ. 2023ರಲ್ಲಿ ಯಾಂಕೀಸ್‌ನ ಡೆರೆಕ್ ಜೀಟರ್ ಕೂಡ ಸೇರಿಕೊಂಡ.

ಇನ್ನೊಂದೇ ಒಂದು. 2004ರ ಲೀಗ್ ಫೈನಲ್‌ನಲ್ಲಿ ಯಾಂಕೀಸ್ ಎದುರು ಮೂರು ಪಂದ್ಯ ಸೋತು ನಾಲ್ಕನೆಯದರಲ್ಲೂ ಸೋಲುತ್ತಿದ್ದ ಬಾಸ್ಟನ್ನಿಗಾಗಿ ಒಂಬತ್ತನೇ ಇನಿಂಗ್‌ನಲ್ಲಿ ಎರಡನೇ ಬೇಸ್ ಕದ್ದು ಓಡಿ ಸರಣಿಯನ್ನೇ ತಿರುಗಿಸಿದವನು ಡೇವ್ ರಾಬರ್ಟ್ಸ್. 2024ರ ವರ್ಲ್ಡ್ ಸೀರೀಸ್‌ನಲ್ಲಿ ಯಾಂಕೀಸ್ ಮ್ಯಾನೇಜರ್ ಆರನ್ ಬೂನ್, ಎದುರಿಗೆ ಲಾಸ್ ಏಂಜಲೀಸ್‌ನ ಡಾಜರ್ಸ್ ತಂಡದ ಮ್ಯಾನೇಜರ್ ಇದೇ ರಾಬರ್ಟ್ಸ್! ಐದನೇ ಪಂದ್ಯದಲ್ಲಿ 5-0 ಮುಂದಿದ್ದ ಯಾಂಕೀಸ್ 7-6ರಿಂದ ಸೋತು ಸರಣಿ ಕಳೆದುಕೊಂಡಿತು. ರೆಡ್ ಸಾಕ್ಸ್ ಆ ವರ್ಷ ನಾಕೌಟ್‌ಗೇ ಬಂದಿರಲಿಲ್ಲ. ಹಾಗಂತ ಬಾಸ್ಟನ್ನಿನವರು ಆ ರಾತ್ರಿ ಟಿವಿ ಆರಿಸಿ ಬೇಗ ಮಲಗಿದರು ಅಂದುಕೊಂಡಿರಾ?